ಮಸೂರ ಅಲ್ಲಾಡುವ ಕಣ್ಣಿಗೆ ಪೊರೆ ಆಪರೇಷನ್: ಬಲಿಯಲಿ ಎಂದು ಕಾಯಬಹುದೇ?

ಪ್ರಶ್ನೆ: ಸರ್, ನಮ್ಮ ಅಪ್ಪಾಜಿಗೆ 74 ವರ್ಷ, ಜಗಳೂರು ತಾಲ್ಲೂಕಿನಲ್ಲಿ ಬೇಸಾಯ. ಎಡಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿ ಆರು ವರ್ಷವಾಯಿತು, ತೊಂದರೆ ಇಲ್ಲ. ಈಗ ಬಲಗಣ್ಣಿಗೆಂದು ಶಿಬಿರಕ್ಕೆ ಕರೆದೊಯ್ದರೆ, "ಪಾಪೆಯ ಅಂಚಿನಲ್ಲಿ ಬಿಳಿ ಪುಡಿ ಇದೆ, ಮಸೂರ ಅಲ್ಲಾಡುತ್ತಿದೆ, ಇಲ್ಲಿ ಬೇಡ" ಎಂದು ವಾಪಸ್ ಕಳಿಸಿದರು. ದಾವಣಗೆರೆಯಲ್ಲಿ ತೋರಿಸಿದಾಗ ಅಲ್ಲಿನ ಡಾಕ್ಟರು, "ಮಾಡೋಣ, ಆದರೆ ಒಳಗೆ ರಿಂಗ್ ಹಾಕಬೇಕಾಗಬಹುದು, ಲೆನ್ಸ್ ಅವತ್ತೇ ಕೂರದೆಯೂ ಇರಬಹುದು" ಎಂದರು. ದೊಡ್ಡಪ್ಪನವರು "ಒಂದ್ ಕಣ್ಣು ಕಾಣ್ತೈತಲ್ಲ, ಇನ್ನೂ ಬಲೀಲಿ ಬಿಡ್ರಿ" ಅನ್ನುತ್ತಾರೆ. ಬಿಟ್ಟರೆ ನಡೆಯುತ್ತದೆಯೇ? ಬೆಂಗಳೂರಿಗೇ ಹೋಗಬೇಕೇ? ಅಪ್ಪಾಜಿಗೆ ಬಿಪಿ ಇದೆ, ಪ್ರಾಸ್ಟೇಟ್‌ಗೂ ಮಾತ್ರೆ ನಡೆಯುತ್ತಿದೆ.

ಉತ್ತರ: ಆಪರೇಷನ್ ಮಾಡಿಸಿ. ಬಲಿಯಲಿ ಎಂದು ಕಾಯಬೇಡಿ. ಹಾಗೆಂದು ನಾಳೆ ಬೆಳಿಗ್ಗೆಯೇ ಬಸ್ಸು ಹತ್ತುವ ತುರ್ತೂ ಇಲ್ಲ. ಮೆಕ್ಕೆಜೋಳದ ಕಟಾವು ಮುಗಿಸಿಕೊಂಡು ಬರುತ್ತೇವೆ ಎಂದರೆ ನಾನು ಒಪ್ಪುತ್ತೇನೆ, ಪೊರೆ ಬಲಿತ ಮೇಲೆ ಬರುತ್ತೇವೆ ಎಂದರೆ ಒಪ್ಪುವುದಿಲ್ಲ. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಊರು ಯಾವುದು ಎನ್ನುವುದಕ್ಕಿಂತ ಆ ಆಪರೇಷನ್ ಥಿಯೇಟರಿನಲ್ಲಿ ಏನೇನು ಸಿದ್ಧವಿದೆ ಎನ್ನುವುದು ಇಲ್ಲಿ ಮುಖ್ಯ. ಶಿಬಿರದವರು ವಾಪಸ್ ಕಳಿಸಿದ್ದಕ್ಕೆ ನಿಮಗೆ ಬೇಸರವಾಗಿರಬಹುದು. ನನ್ನ ಪ್ರಕಾರ ಅವರು ಮಾಡಿದ್ದು ಸರಿಯಾದ ಕೆಲಸ. ಒಂದೇ ದಿನ ಹತ್ತಾರು ಕಣ್ಣು ನೋಡುವ ಗಡಿಬಿಡಿಯಲ್ಲೂ ಅಲ್ಲಾಡುವ ಮಸೂರವನ್ನು ಅವರು ಗುರುತಿಸಿದ್ದಾರೆ. ಮೊದಲೇ ಗೊತ್ತಾಗದೆ ಟೇಬಲ್ ಮೇಲೆ ಗೊತ್ತಾಗುವುದೇ ಇಂಥ ಕಣ್ಣುಗಳಲ್ಲಿ ನಿಜವಾದ ಅಪಾಯ.

ಮುಂದಿನ ಮಾತಿನಲ್ಲಿ ಗೊಂದಲವಾಗದಿರಲಿ ಎಂದು, ಹುಟ್ಟಿನಿಂದ ಇರುವುದನ್ನು ಮಸೂರ ಎಂದೂ, ನಾವು ಹಾಕುವುದನ್ನು ಲೆನ್ಸ್ ಎಂದೂ ಕರೆಯುತ್ತೇನೆ.

ಮಸೂರ ಪಾಪೆಯ ಹಿಂದೆ ಒಂದು ತೆಳುವಾದ ಚೀಲದೊಳಗೆ ಇರುತ್ತದೆ. ಆ ಚೀಲದ ಅಂಚಿನ ಸುತ್ತಲೂ ಕಣ್ಣಿಗೆ ಕಾಣದಷ್ಟು ಸಣ್ಣ ನೂರಾರು ಎಳೆಗಳು ಹೊರಟು ಕಣ್ಣಿನ ಗೋಡೆಯ ಸ್ನಾಯುವಿಗೆ ಅಂಟಿಕೊಂಡಿವೆ. ಇವಕ್ಕೆ ನಾವು ಜಾನ್ಯೂಲ್ ಎನ್ನುತ್ತೇವೆ, ರೋಗಿಗಳಿಗೆ ಹೇಳುವಾಗ ದಾರ ಎನ್ನುತ್ತೇವೆ. ಸೈಕಲ್ ಚಕ್ರವನ್ನು ಯೋಚಿಸಿ: ನಡುವಿನ ಗುಂಬ ಮಸೂರ, ಹೊರಗಿನ ರಿಮ್ ಸ್ನಾಯು, ನಡುವೆ ಬಿಗಿದ ಕಡ್ಡಿಗಳು ಈ ದಾರ. ನಾಲ್ಕು ಕಡ್ಡಿ ಮುರಿದರೂ ಸೈಕಲ್ ಓಡುತ್ತದೆ. ಆದರೆ ಅವುಗಳ ಭಾರವೆಲ್ಲ ಪಕ್ಕದ ಕಡ್ಡಿಗಳ ಮೇಲೆ ಬಿದ್ದು, ಸ್ವಲ್ಪ ದಿನದಲ್ಲಿ ಅವೂ ಸಡಿಲವಾಗಿ ಚಕ್ರ ಔಟಾಗುತ್ತದೆ. ಅಪ್ಪಾಜಿಯ ಬಲಗಣ್ಣಿನಲ್ಲಿ ಆಗಿರುವುದು ಅದೇ. ನೋಟ ಅತ್ತಿಂದಿತ್ತ ತಿರುಗಿಸಿದಾಗ ಮಸೂರ ತನ್ನ ಜಾಗದಲ್ಲೇ ಸಣ್ಣಗೆ ನಡುಗುತ್ತದೆ.

ಪೊರೆ ಆಪರೇಷನ್ನಿನಲ್ಲಿ ನಾವು ಇಡೀ ಮಸೂರವನ್ನು ಕಿತ್ತು ತೆಗೆಯುತ್ತೇವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆಯ ಬಾಯಿ ತೆರೆದು, ಒಳಗಿನ ತಿರುಳನ್ನಷ್ಟೇ ತೆಗೆದು, ಖಾಲಿ ಚೀಲವನ್ನು ಉಳಿಸಿಕೊಂಡು, ಅದರಲ್ಲೇ ಹೊಸ ಲೆನ್ಸ್ ಕೂರಿಸುತ್ತೇವೆ. ಚೀಲವನ್ನು ಹಿಡಿದಿರುವುದು ಅದೇ ದಾರಗಳು. ಅವು ಸಡಿಲವಾಗಿದ್ದರೆ ಬಾಯಿ ತೆರೆಯುವಾಗ ಚೀಲ ಕೈಗೆ ಸಿಗದೆ ಜಾರುತ್ತದೆ, ತಿರುಳನ್ನು ತಿರುಗಿಸಲು ಹೋದರೆ ಚೀಲವೂ ಜೊತೆಗೇ ತಿರುಗುತ್ತದೆ, ಬಲ ಹಾಕಿದರೆ ಉಳಿದ ದಾರವೂ ಹರಿಯುತ್ತದೆ. ಆಗ ಹಿಂದಿನ ಕೋಣೆಯಲ್ಲಿರುವ ಜೆಲ್ಲಿಯಂಥ ವಿಟ್ರಿಯಸ್ ಮುಂದಕ್ಕೆ ನುಗ್ಗಬಹುದು, ಇಲ್ಲವೇ ತಿರುಳಿನ ಚೂರು ಹಿಂದಕ್ಕೆ ಬಿದ್ದು ಕಣ್ಣಿನ ಹಿಂಗೋಡೆಯ ನೋಟದ ಪರದೆಯಾದ ರೆಟಿನಾದ ಮೇಲೆ ಹೋಗಿ ಕೂರಬಹುದು.

ಇನ್ನು ದೊಡ್ಡಪ್ಪನವರ ಮಾತಿಗೆ ಬರುತ್ತೇನೆ. ನಮ್ಮ ಓಪಿಡಿಯಲ್ಲಿ ಹರಪನಹಳ್ಳಿ ಕಡೆಯವರಿಂದ ಹಿಡಿದು ಚನ್ನಗಿರಿ, ಹೊಳಲ್ಕೆರೆಯವರವರೆಗೆ ಇದೇ ಮಾತು ದಿನವೂ ಕೇಳುತ್ತೇನೆ. ಹಿರಿಯರು ಇದನ್ನು ಸುಮ್ಮನೆ ಹುಟ್ಟುಹಾಕಿದ್ದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು, ಅದಕ್ಕೆ ಒಳ್ಳೆಯ ಕಾರಣವೂ ಇತ್ತು.

ಆಗ ಚೀಲ ಉಳಿಸುವ ಪದ್ಧತಿ ರೂಢಿಯಲ್ಲಿರಲಿಲ್ಲ. ಕಣ್ಣನ್ನು ಅರ್ಧ ಸುತ್ತು ಕೊಯ್ದು, ಚೀಲ ಸಮೇತ ಇಡೀ ಮಸೂರವನ್ನು ಹೊರಗೆ ತೆಗೆಯುತ್ತಿದ್ದರು. ಹಾಗೆ ತೆಗೆಯಬೇಕಾದರೆ ಸುತ್ತಲಿನ ದಾರ ಹರಿಯಲೇಬೇಕು. ವಯಸ್ಸಾದಂತೆ, ಪೊರೆ ಬಲಿತಂತೆ ದಾರ ತಾನಾಗಿ ಸಡಿಲವಾಗುವುದರಿಂದ ಬಲಿತ ಪೊರೆ ಸಲೀಸಾಗಿ ಬರುತ್ತಿತ್ತು. ದಾರ ಗಟ್ಟಿಯಿದ್ದರೆ ಡಾಕ್ಟರಿಗೇ ಕಷ್ಟ. 1950ರ ದಶಕದ ಕೊನೆಯಲ್ಲಿ ಸ್ಪೇನಿನ ಹೊಆಕಿನ್ ಬರಾಕೆರ್ ಎಂಬ ಸರ್ಜನ್ ಈ ದಾರವನ್ನು ಕರಗಿಸುವ ಕಿಣ್ವವನ್ನೇ ಕಣ್ಣಿನೊಳಗೆ ಹಾಕುವ ವಿಧಾನ ತಂದರು, ಜಗತ್ತಿನ ಹಲವೆಡೆ ಅದು ಬಳಕೆಗೂ ಬಂತು. ಇವತ್ತು ನಾವು ಕಾಪಾಡಲು ಒದ್ದಾಡುವ ದಾರವನ್ನು ಆ ಕಾಲದವರು ಔಷಧಿ ಹಾಕಿ ಹರಿಯುತ್ತಿದ್ದರು! ಕರ್ನಾಟಕದ ಊರೂರಲ್ಲಿ ಡಾ. ಎಂ. ಸಿ. ಮೋದಿಯವರ ಶಿಬಿರಗಳನ್ನು ಕಂಡ ತಲೆಮಾರಿಗೆ ಪೊರೆ ಆಪರೇಷನ್ ಎಂದರೆ ಈ ಹಳೆಯ ಪದ್ಧತಿಯೇ. ಸಾವಿರಾರು ಜನರಿಗೆ ಅದು ಬೆಳಕು ಕೊಟ್ಟಿತು. ಒಳಗೆ ಲೆನ್ಸ್ ಇಲ್ಲದ್ದರಿಂದ ಆಮೇಲೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಳ್ಳಬೇಕಿತ್ತು. ಕಣ್ಣಿನೊಳಗೆ ಲೆನ್ಸ್ ಇಡುವ ಪ್ರಯೋಗವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರೂ, ಚೀಲದೊಳಗೇ ಲೆನ್ಸ್ ಕೂರಿಸುವುದು ಎಲ್ಲೆಡೆ ರೂಢಿಯಾಗಲು ದಶಕಗಳು ಬೇಕಾದವು.

ಅದು ರೂಢಿಯಾದ ದಿನವೇ ಬಲಿಯಲಿ ಎಂಬ ಸಲಹೆ ತಲೆಕೆಳಗಾಯಿತು. ಮಾತು ಮಾತ್ರ ಮನೆಗಳಲ್ಲಿ ಉಳಿದುಕೊಂಡಿದೆ. ದಾರ ಗಟ್ಟಿಯಿರುವ ಮಾಮೂಲಿ ಕಣ್ಣಿನಲ್ಲಿ ಆರು ತಿಂಗಳು ಕಾದರೆ ದೊಡ್ಡ ನಷ್ಟವೇನಿಲ್ಲ. ಅಪ್ಪಾಜಿಯಂಥ ಕಣ್ಣಿನಲ್ಲಿ ಕಾಯುವುದು ಎರಡೂ ಕಡೆಯಿಂದ ಹೊಡೆತ. ಒಂದು ಕಡೆ ದಾರ ಇನ್ನಷ್ಟು ಸೋಲುತ್ತದೆ, ಇನ್ನೊಂದು ಕಡೆ ತಿರುಳು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಗಟ್ಟಿ ತಿರುಳು ಒಡೆಯಲು ಹೆಚ್ಚು ಬಲ ಬೇಕು, ಆ ಬಲ ಬೀಳುವುದು ಸೋತ ದಾರದ ಮೇಲೆಯೇ. ತೀರಾ ಬಲಿತು ಬೆಳ್ಳಗಾದ ಪೊರೆ ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸಬಹುದು, ದಾರ ಪೂರ್ತಿ ಸೋತರೆ ಮಸೂರ ಮುಂದಕ್ಕೆ ಜಾರಿ ಪಾಪೆಯನ್ನು ಕಟ್ಟಬಹುದು. ಆಗ ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ. ಹಾಗೆ ಬಂದ ಕಣ್ಣಿಗೆ ನಾವು ಮಾಡುವ ಆಪರೇಷನ್ ಬೇರೆಯದೇ, ಫಲಿತಾಂಶವೂ ಬೇರೆಯದೇ.

ಒಂದು ಕಣ್ಣು ಕಾಣುತ್ತದಲ್ಲ ಎನ್ನುವುದಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಆ ಕಾಣುವ ಎಡಗಣ್ಣಿನಲ್ಲೂ ಇದೇ ಬಿಳಿ ಪುಡಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಆ ಪುಡಿಯ ಹೆಸರು ಸೂಡೋಎಕ್ಸ್‌ಫೋಲಿಯೇಷನ್. ಫಿನ್ಲೆಂಡಿನ ಯೋನ್ ಲಿಂಡ್‌ಬರ್ಗ್ ಎಂಬ ವೈದ್ಯರು 1917ರಲ್ಲಿ ಮೊದಲು ವಿವರಿಸಿದ್ದು. ಅಲ್ಲಿನ ಚಳಿ ನಾಡಿನ ಕಾಯಿಲೆ ಎಂದೇ ಬಹುಕಾಲ ಹೆಸರಾಗಿತ್ತು, ನಮ್ಮ ದಕ್ಷಿಣ ಭಾರತದ ಹಳ್ಳಿಗಳಲ್ಲೂ ಅರವತ್ತು ದಾಟಿದವರಲ್ಲಿ ಇದೇನೂ ಅಪರೂಪವಲ್ಲ. ದೇಹದ ನಾರುಗಳನ್ನು ಹೆಣೆಯುವ ಕೆಲಸದಲ್ಲಿ ಆಗುವ ಎಡವಟ್ಟಿನಿಂದ ಒಂದು ಬಗೆಯ ಬಿಳಿ ಪದಾರ್ಥ ತಯಾರಾಗಿ ಮಸೂರದ ಮೇಲೆ, ಪಾಪೆಯ ಅಂಚಿನಲ್ಲಿ, ದಾರಗಳ ಬುಡದಲ್ಲಿ ಕೂರುತ್ತದೆ. ಇದಕ್ಕೆ ಸಂಬಂಧಿಸಿದ ಜೀನ್ ಒಂದನ್ನು 2007ರಲ್ಲಿ ಐಸ್‌ಲೆಂಡಿನ ಸಂಶೋಧಕರು ಗುರುತಿಸಿದರು. ಆದರೂ ಜೀನ್ ಒಂದೇ ಕಾರಣವಲ್ಲ, ಬಹಳ ವರ್ಷ ಬಿಸಿಲಲ್ಲಿ ದುಡಿದವರಲ್ಲಿ ಇದು ಹೆಚ್ಚು ಎಂದು ಹೇಳುವ ಅಧ್ಯಯನಗಳಿವೆ. ಮನೆಯವರು ತಿಳಿದಿರಬೇಕಾದ್ದು ಮೂರು ಸಂಗತಿ. ಇದು ದಾರವನ್ನು ಸೋಲಿಸುತ್ತದೆ, ಎಷ್ಟು ಡ್ರಾಪ್ಸ್ ಹಾಕಿದರೂ ಪಾಪೆ ಅಗಲವಾಗದಂತೆ ಮಾಡುತ್ತದೆ, ಕಣ್ಣಿನೊಳಗಿನ ನೀರು ಹೊರಹೋಗುವ ಜಾಲಿಯನ್ನು ಕಟ್ಟಿ, ಒತ್ತಡ ಏರಿಸಿ ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ತರುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ದಾರ ಸೋತರೆ ದಾರಿ ಇದೆ, ಗ್ಲಾಕೋಮಾದಿಂದ ಹೋದ ನೋಟ ವಾಪಸ್ ಬರುವುದಿಲ್ಲ.

ದಾರ ಸಡಿಲವಾಗಲು ಪುಡಿಯೊಂದೇ ಕಾರಣವಲ್ಲ. ಕಣ್ಣಿಗೆ ಎಂದೋ ಬಿದ್ದ ಪೆಟ್ಟು ಇನ್ನೊಂದು. ನಾನು ಕೇಳಿದಾಗ ಮೊದಲು ಎಲ್ಲರೂ "ಏನೂ ಪೆಟ್ಟು ಬಿದ್ದಿಲ್ಲ" ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಹರೆಯದಲ್ಲಿ ಹೋರಿಯ ಕೊಂಬು ತಾಗಿದ್ದು, ಸೌದೆ ಸೀಳುವಾಗ ಚಕ್ಕೆ ಸಿಡಿದದ್ದು, ಗಿಲ್ಲಿ ಬಡಿದದ್ದು ಒಂದೊಂದಾಗಿ ಹೊರಬರುತ್ತದೆ. ಅಪ್ಪಾಜಿಯನ್ನು ನೀವೂ ನಿಧಾನವಾಗಿ ಕೇಳಿ ನೋಡಿ. ಪೆಟ್ಟಿನ ಕಣ್ಣಿನಲ್ಲಿ ದಾರ ಒಂದು ಕಡೆ ಮಾತ್ರ ಹರಿದಿರುತ್ತದೆ, ಉಳಿದ ಕಡೆ ಗಟ್ಟಿಯಾಗಿರುತ್ತದೆ. ಪುಡಿಯ ಕಣ್ಣಿನಲ್ಲಿ ಸುತ್ತಲೂ ಅಷ್ಟಷ್ಟು ಸೋತಿರುತ್ತದೆ, ಕಾಲ ಕಳೆದಂತೆ ಇನ್ನೂ ಸೋಲುತ್ತಲೇ ಹೋಗುತ್ತದೆ. ಸರ್ಜನ್ ಹಾಕುವ ಯೋಜನೆ ಇದರ ಮೇಲೆ ನಿಂತಿದೆ. ಬಹಳ ಹೆಚ್ಚಿನ ಮೈನಸ್ ಪವರ್ ಇದ್ದವರಲ್ಲಿ, ಹಿಂದೆ ರೆಟಿನಾ ಅಥವಾ ಗ್ಲಾಕೋಮಾ ಆಪರೇಷನ್ ಆದವರಲ್ಲೂ ದಾರ ಸಡಿಲವಿರಬಹುದು. ಮಕ್ಕಳಲ್ಲಿ ಮಸೂರ ಪಕ್ಕಕ್ಕೆ ಸರಿದಿದ್ದರೆ ಅದು ಬೇರೆಯೇ ಕಥೆ. ವಯಸ್ಸಿಗೆ ಮೀರಿದ ಎತ್ತರ, ನೀಳ ಬೆರಳಿನ ಮಗುವಾದರೆ ಮಾರ್ಫನ್ ಕಾಯಿಲೆ ಇರಬಹುದು, ಹೃದಯದ ಎಕೋ ಮಾಡಿಸಲೇಬೇಕು. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಹೋಮೋಸಿಸ್ಟಿನ್ಯೂರಿಯಾ ಎಂಬ ಇನ್ನೊಂದು ಹುಟ್ಟು ಕಾಯಿಲೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಅರಿವಳಿಕೆ ಕೊಡುವ ಮುನ್ನವೇ ತಿಳಿದಿರಬೇಕು. ನಿಮ್ಮ ಪ್ರಶ್ನೆಗೆ ಇದು ಸಂಬಂಧವಿಲ್ಲ, ಓದುವ ಬೇರೆಯವರಿಗೆ ಇರಲಿ.

ಆಪರೇಷನ್ನಿಗೆ ಮುಂಚಿನ ತಪಾಸಣೆ ಇಂಥ ಕಣ್ಣಿಗೆ ಸ್ವಲ್ಪ ಉದ್ದ. ಪಾಪೆ ಅಗಲವಾಗುವ ಡ್ರಾಪ್ಸ್ ಹಾಕುವ ಮೊದಲೇ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಬೇಕು. ಡ್ರಾಪ್ಸ್ ಹಾಕಿದ ಮೇಲೆ ನಡುಕ ಕಡಿಮೆಯಾಗಿ ಕಣ್ಣು ನಮಗೆ ಮೋಸ ಮಾಡಬಹುದು. ಕಣ್ಣಿನ ಮುಂಗೋಣೆಯ, ಅಂದರೆ ಮಸೂರದ ಮುಂದಿನ ನೀರು ತುಂಬಿದ ಜಾಗದ ಆಳ ಎರಡೂ ಕಣ್ಣಿನಲ್ಲಿ ಒಂದೇ ಇದೆಯೇ ಎಂದು ಅಳೆಯುತ್ತಾರೆ. ಪುಡಿ ಇರುವ ಕಣ್ಣಿನಲ್ಲಿ ಅದು 2.5 ಮಿಲಿಮೀಟರಿಗಿಂತ ಕಡಿಮೆ ಬಂದರೆ, ಕಣ್ಣಿಗೆ ಕಾಣುವ ನಡುಕವಿಲ್ಲದಿದ್ದರೂ, ದಾರ ಸಡಿಲವಿದೆ ಎಂದೇ ಎಣಿಸಿ ನಾನು ತಯಾರಾಗುತ್ತೇನೆ. ಆಮೇಲೆ ಒತ್ತಡ, ನರ, ರೆಟಿನಾ. ಪೊರೆ ದಟ್ಟವಾಗಿ ಹಿಂದಿನದು ಕಾಣದಿದ್ದರೆ ಬಿ ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ಒತ್ತಡ ಹೆಚ್ಚಿದ್ದರೆ ಮೊದಲು ಅದನ್ನು ಇಳಿಸಿಕೊಂಡೇ ಮುಂದಿನ ಮಾತು.

ಈಗ ಥಿಯೇಟರ್. ನಿಮ್ಮ ಡಾಕ್ಟರು ಹೇಳಿದ "ಬೇಕಾಗಬಹುದು", "ಕೂರದೆಯೂ ಇರಬಹುದು" ಎಂಬ ಮಾತುಗಳು ನಿಮಗೆ ಜಾರಿಕೊಳ್ಳುವ ಮಾತಿನಂತೆ ಕೇಳಿಸಿರಬಹುದು. ಹಾಗಲ್ಲ. ದಾರ ಎಷ್ಟು ಸೋತಿದೆ ಎಂಬುದು ಚೀಲದ ಬಾಯಿ ತೆರೆಯಲು ಕೈ ಹಾಕಿದಾಗಲೇ ನಿಖರವಾಗಿ ಗೊತ್ತಾಗುವುದು. ಗಟ್ಟಿ ಚೀಲ ಬಿಗಿಯಾಗಿ ನಿಂತು ಹರಿಯಲು ಬಿಡುತ್ತದೆ. ಸಡಿಲ ಚೀಲ ಸೂಜಿಯ ತುದಿ ತಾಗಿದಲ್ಲಿ ನಿರಿಗೆ ಬೀಳುತ್ತದೆ. ಆ ನಿರಿಗೆ ಕಂಡ ಕೂಡಲೇ ಕೈ ನಿಧಾನವಾಗಬೇಕು.

ಸರ್ಜನ್‌ಗಳು ಇದನ್ನು ಗಡಿಯಾರದ ಲೆಕ್ಕದಲ್ಲಿ ಅಳೆಯುತ್ತಾರೆ. ಸುತ್ತಲಿನ ಹನ್ನೆರಡು ಗಂಟೆಗಳಲ್ಲಿ ಮೂರು-ನಾಲ್ಕು ಗಂಟೆಯಷ್ಟು ಭಾಗದ ದಾರ ಹೋಗಿದ್ದರೆ, ಅಥವಾ ಸುತ್ತಲೂ ಸ್ವಲ್ಪ ಸ್ವಲ್ಪ ಸಡಿಲವಿದ್ದರೆ, ಸಾಮಾನ್ಯವಾಗಿ ರಿಂಗ್ ಸಾಕು. ರಿಂಗ್ ಎಂದರೆ ಪೂರ್ತಿ ಮುಚ್ಚದ, ತುದಿಗಳು ಬಿಟ್ಟಿರುವ ಒಂದು ಪ್ಲಾಸ್ಟಿಕ್ ಬಳೆ. ಹಳೆಯ ಲೆನ್ಸುಗಳನ್ನು ಮಾಡುತ್ತಿದ್ದ ಪದಾರ್ಥವೇ ಇದಕ್ಕೂ. 1990ರ ದಶಕದ ಆರಂಭದಲ್ಲಿ ಬಂತು. ಚೀಲಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ, ಒತ್ತಿ ಒಳಗೆ ಬಿಟ್ಟರೆ ಹೊರಕ್ಕೆ ಹಿಗ್ಗಿ ಚೀಲದ ಅಂಚನ್ನು ಸುತ್ತಲೂ ಸಮನಾಗಿ ತಳ್ಳುತ್ತದೆ. ಇರುವ ದಾರಗಳ ಮೇಲೆ ಭಾರ ಹಂಚಿಹೋಗುತ್ತದೆ. ಹರಿದ ದಾರ ಮತ್ತೆ ಹುಟ್ಟುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಅದನ್ನು ಯಾವಾಗ ಹಾಕಬೇಕು ಎಂಬ ಬಗ್ಗೆ ಸರ್ಜನ್‌ಗಳ ನಡುವೆ ಒಂದು ಮಾತಿದೆ: ಎಷ್ಟು ತಡ ಮಾಡಲು ಸಾಧ್ಯವೋ ಅಷ್ಟು ತಡವಾಗಿ, ಯಾವಾಗ ಅನಿವಾರ್ಯವೋ ಆಗಲೇ. ಮೊದಲೇ ಹಾಕಿದರೆ ತಿರುಳಿನ ಸುತ್ತಲಿನ ಮೆತ್ತನೆಯ ಭಾಗ ರಿಂಗಿನ ಕೆಳಗೆ ಸಿಕ್ಕಿಕೊಂಡು ತೆಗೆಯಲು ಪಾಡು, ತುಂಬಾ ತಡವಾದರೆ ಅಷ್ಟರಲ್ಲಿ ಚೀಲವೇ ಕೈಬಿಟ್ಟಿರುತ್ತದೆ. ಚೀಲ ಎಲ್ಲಾದರೂ ಸೀಳಿದ್ದರೆ ರಿಂಗ್ ಹಾಕುವಂತಿಲ್ಲ, ಸೀಳು ಹಿಂದಕ್ಕೆ ಓಡುತ್ತದೆ. ಆದ್ದರಿಂದ "ರಿಂಗ್ ಹಾಕ್ತೀವಿ" ಎಂದು ಮೊದಲೇ ಗ್ಯಾರಂಟಿ ಕೊಡುವವರಿಗಿಂತ "ಬೇಕಾಗಬಹುದು" ಎನ್ನುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಅದಕ್ಕಿಂತ ಹೆಚ್ಚು ದಾರ ಹೋಗಿದ್ದರೆ ಬರೀ ರಿಂಗ್ ಸಾಲದು. ರಿಂಗಿಗೇ ಒಂದು ಕೊಂಡಿ ಇರುವಂಥದ್ದನ್ನು ಅಮೆರಿಕದ ಸಿಯೋನಿ ಎಂಬುವರು 1998ರಲ್ಲಿ ತಂದರು. ಆ ಕೊಂಡಿಗೆ ಹೊಲಿಗೆ ಹಾಕಿ ಕಣ್ಣಿನ ಬಿಳಿ ಗೋಡೆಗೆ ಕಟ್ಟುತ್ತಾರೆ. ಆಪರೇಷನ್ ನಡೆಯುವಷ್ಟು ಹೊತ್ತು ಚೀಲದ ಬಾಯಿಗೆ ಸಣ್ಣ ಕೊಕ್ಕೆಗಳನ್ನು ಹಾಕಿ ಎಳೆದು ಹಿಡಿಯುವುದೂ ಉಂಟು, ಅಗಲವಾಗದ ಪಾಪೆಗೂ ಕೊಕ್ಕೆ ಬಳಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿ ಮಸೂರ ತೂಗಾಡುತ್ತಿದ್ದರೆ ಮಾತ್ರ ಚೀಲದ ಆಸೆ ಬಿಟ್ಟು, ಎಲ್ಲವನ್ನೂ ತೆಗೆದು, ಮುಂದೆ ಬಂದ ವಿಟ್ರಿಯಸ್ಸನ್ನು ಮೆಷಿನ್ನಿನಿಂದ ಕತ್ತರಿಸಿ ಶುಚಿ ಮಾಡಿ, ಲೆನ್ಸಿಗೆ ಬೇರೆ ಆಸರೆ ಹುಡುಕುತ್ತಾರೆ.

ಆ ಬೇರೆ ಆಸರೆಗಳಲ್ಲಿ ನಮ್ಮ ಪಕ್ಕದ ರಾಜ್ಯದ ಕೊಡುಗೆಯೂ ಇದೆ. ಲೆನ್ಸಿನ ಎರಡು ಕಾಲುಗಳನ್ನು ಕಣ್ಣಿನ ಬಿಳಿ ಗೋಡೆಯೊಳಗೆ ತೂರಿಸಿ, ಜೈವಿಕ ಅಂಟು ಹಾಕಿ ಮುಚ್ಚುವ ವಿಧಾನವನ್ನು ಚೆನ್ನೈನ ಡಾ. ಅಮರ್ ಅಗರ್ವಾಲ್ 2007ರಲ್ಲಿ ಶುರು ಮಾಡಿದರು. ಜಪಾನಿನ ಶಿನ್ ಯಮಾನೆ ಅಂಟೂ ಬೇಡ, ಹೊಲಿಗೆಯೂ ಬೇಡ ಎಂದು ಕಾಲುಗಳ ತುದಿಯನ್ನು ಬಿಸಿಯಿಂದ ಸಣ್ಣ ಗುಂಡು ಮಾಡಿ ಗೋಡೆಯಲ್ಲಿ ಸಿಗಿಸುವ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸಿನ ಹಿಂದೆ ಕಚ್ಚಿಕೊಂಡು ಕೂರುವ ಐರಿಸ್ ಕ್ಲಾ ಲೆನ್ಸ್ ಇನ್ನೊಂದು. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ, ವಯಸ್ಸಾದವರಿಗೆ ನಾನು ಅದನ್ನು ಕೀಳಾಗಿ ಕಾಣುವುದಿಲ್ಲ. ಯಾವುದು ಶ್ರೇಷ್ಠ ಎಂದು ಸರ್ಜನ್‌ಗಳ ನಡುವೆ ವಾದ ಇದ್ದೇ ಇದೆ. ಯೂಟ್ಯೂಬಿನಲ್ಲಿ ನೋಡಿ ಒಂದನ್ನು ಆರಿಸಿಕೊಂಡು ಹೋಗಬೇಡಿ. ಆ ಸರ್ಜನ್ನಿನ ಕೈಗೆ ಯಾವುದು ಪಳಗಿದೆಯೋ ಅದೇ ಅಪ್ಪಾಜಿಗೆ ಒಳ್ಳೆಯದು.

ತಿರುಳನ್ನು ಒಳಗೇ ಪುಡಿ ಮಾಡಿ ಹೀರುವ ಫೇಕೊ ಮೆಷಿನ್ನಿನ ವಿಚಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ತಿರುಳು ತೀರಾ ಕಲ್ಲಾಗಿರದಿದ್ದರೆ ಸಡಿಲ ದಾರದ ಕಣ್ಣಿಗೆ ಫೇಕೊ ಮೃದು, ಏಕೆಂದರೆ ತಿರುಳನ್ನು ಚೀಲದೊಳಗೇ ಪುಡಿ ಮಾಡಿ ಎಳೆದುಕೊಳ್ಳಬಹುದು. ಕೈಯಲ್ಲೇ ಮಾಡುವ ಸಣ್ಣ ಗಾಯದ ಆಪರೇಷನ್ನಿನಲ್ಲಿ ಇಡೀ ತಿರುಳನ್ನು ಚೀಲದಿಂದ ಎಬ್ಬಿಸಿ ಹೊರತರಬೇಕಾದ್ದರಿಂದ ದಾರದ ಮೇಲೆ ಜಗ್ಗಾಟ ಹೆಚ್ಚು. ಆದರೆ ಬಲಿತು ಕಪ್ಪಾದ ತಿರುಳಿಗೆ ಫೇಕೊ ಹಿಡಿದು ಗುದ್ದಾಡುವುದಕ್ಕಿಂತ ಅಗಲವಾದ ಬಾಯಿ ತೆರೆದು ಕೈಯಲ್ಲೇ ಸಲೀಸಾಗಿ ತೆಗೆಯುವ ಅನುಭವಿಯೇ ಮೇಲು. ಹೊಲಿಗೆ ಬಿತ್ತೋ ಇಲ್ಲವೋ ಎಂದು ಅಕ್ಕಪಕ್ಕದವರ ಕಣ್ಣಿನ ಜೊತೆ ಹೋಲಿಸಬೇಡಿ.

"ಲೆನ್ಸ್ ಅವತ್ತೇ ಕೂರದೆಯೂ ಇರಬಹುದು" ಎಂದಾಗ ನಿಮಗೆ ಹೆಚ್ಚು ಹೆದರಿಕೆಯಾಗಿದೆ ಎಂದು ಊಹಿಸುತ್ತೇನೆ. ಕೆಲವೊಮ್ಮೆ ಕಣ್ಣು ತುಂಬಾ ದಣಿದಿರುತ್ತದೆ, ಕಣ್ಣಿನ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾ ಮಸುಕಾಗಿರುತ್ತದೆ, ಒತ್ತಡ ಏರಿರುತ್ತದೆ. ಆಗ ಹಟ ಮಾಡಿ ಲೆನ್ಸ್ ತುರುಕದೆ, ಶುಚಿ ಮಾಡಿ ಮುಚ್ಚಿ, ಕೆಲವು ವಾರಗಳ ನಂತರ ಎರಡನೇ ಸಲ ಕೂರಿಸುವುದು ಜಾಣತನ. ನಡುವಿನ ಆ ದಿನಗಳಲ್ಲಿ ಬಲಗಣ್ಣು ಮಂಜಾಗಿಯೇ ಇರುತ್ತದೆ. ದಪ್ಪ ಕನ್ನಡಕ ಕೊಟ್ಟರೂ ಎಡಗಣ್ಣಿನಲ್ಲಿ ಲೆನ್ಸ್ ಇರುವುದರಿಂದ ಎರಡು ಕಣ್ಣಿನ ಚಿತ್ರದ ಅಳತೆ ಹೊಂದದೆ ತಲೆ ಸುತ್ತುತ್ತದೆ, ಹಾಗಾಗಿ ಸಾಮಾನ್ಯವಾಗಿ ಕೊಡುವುದಿಲ್ಲ. ಬಂದವರೆಲ್ಲ "ಆಪರೇಷನ್ ಫೇಲಾಯ್ತಂತೆ" ಎಂದು ಮಾತಾಡುತ್ತಾರೆ. ಅಪ್ಪಾಜಿಗೆ ಇದನ್ನು ಮೊದಲೇ ಬಿಡಿಸಿ ಹೇಳಿರಿ, ಅವರಿಗೆ ಗೊತ್ತಿದ್ದರೆ ಆ ಮಾತು ತಾಗುವುದಿಲ್ಲ.

ಬೆಂಗಳೂರು ಬೇಕೇ ಎಂಬ ಪ್ರಶ್ನೆ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಖಾಸಗಿ ಕಣ್ಣಿನ ಆಸ್ಪತ್ರೆಗಳೂ ಇವೆ. ನಿಮ್ಮನ್ನು ನೋಡಿದ ಡಾಕ್ಟರಿಗೆ ಸಂಕೋಚವಿಲ್ಲದೆ ಕೇಳಿ: ರಿಂಗು, ಕೊಕ್ಕೆ, ವಿಟ್ರಿಯಸ್ ಕತ್ತರಿಸುವ ಮೆಷಿನ್ ಅಂದು ಥಿಯೇಟರಿನಲ್ಲೇ ಇರುತ್ತವೆಯೇ? ಚೀಲ ಉಳಿಯದಿದ್ದರೆ ಬೇರೆ ಬಗೆಯಲ್ಲಿ ಲೆನ್ಸ್ ಕೂರಿಸುವುದು ನಿಮಗೆ ರೂಢಿಯೇ? ಚೂರು ಹಿಂದಕ್ಕೆ ಬಿದ್ದರೆ ರೆಟಿನಾ ಸರ್ಜನ್ ಯಾರು, ಎಲ್ಲಿದ್ದಾರೆ, ಎಷ್ಟು ದಿನದಲ್ಲಿ ನೋಡುತ್ತಾರೆ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಉತ್ತರ ತೃಪ್ತಿ ಕೊಟ್ಟರೆ ಇಲ್ಲೇ ಮಾಡಿಸಿ. ಈ ಕಣ್ಣಿಗೆ ಆಪರೇಷನ್ ನಂತರದ ತಪಾಸಣೆಗಳೇ ಬಹಳ, ಜಗಳೂರಿನಿಂದ ದಾವಣಗೆರೆಗೆ ಬಂದು ಹೋಗುವುದಕ್ಕೂ ಬೆಂಗಳೂರಿಗೆ ಹೋಗಿಬರುವುದಕ್ಕೂ ಇರುವ ವ್ಯತ್ಯಾಸವೇ ತಪಾಸಣೆ ತಪ್ಪಲು ಕಾರಣವಾಗುತ್ತದೆ. ಮಸೂರ ಪೂರ್ತಿ ತೂಗಾಡುತ್ತಿದೆ, ಇಲ್ಲಿ ರೆಟಿನಾ ಸರ್ಜನ್ ಸಿಗುವುದಿಲ್ಲ ಎಂದಾದರೆ ಮಾತ್ರ ದೂರದ ದೊಡ್ಡ ಕೇಂದ್ರ. ಸರ್ಕಾರಿ ಆಸ್ಪತ್ರೆಯೇ ಬೇಕಿದ್ದರೆ ಬೆಂಗಳೂರಿನ ಮಿಂಟೋ ಇದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸುವುದಾದರೆ ರಿಂಗ್ ಬೇಕಾದರೆ ಅದರ ಹಣ, ಎರಡನೇ ಸಲದ ಆಪರೇಷನ್ನಿನ ಹಣ ಪ್ಯಾಕೇಜಿನಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿಕೊಳ್ಳಿ. ದುಡ್ಡು ಹೆಚ್ಚು ಕೊಟ್ಟು ದೂರ-ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಹಾಕಿಸೋಣವೇ ಎಂದು ಮಕ್ಕಳು ಪ್ರೀತಿಯಿಂದ ಕೇಳುತ್ತಾರೆ. ಈ ಕಣ್ಣಿಗೆ ಬೇಡ. ಅದು ಕಣ್ಣಿನ ನಟ್ಟನಡುವೆ ಕದಲದೆ ಕೂತರೆ ಮಾತ್ರ ಸರಿಯಾಗಿ ಕೆಲಸ ಮಾಡುವ ಲೆನ್ಸ್. ಇಲ್ಲಿ ಆ ಭರವಸೆ ಇಲ್ಲ. ಆ ಹಣ ರಿಂಗಿಗೋ ತಪಾಸಣೆಗೋ ಇರಲಿ.

ಮಾತ್ರೆಗಳ ವಿಚಾರ ನೀವು ಬರೆದದ್ದು ಒಳ್ಳೆಯದಾಯಿತು, ಎಷ್ಟೋ ಜನ ಹೇಳುವುದೇ ಇಲ್ಲ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಐರಿಸ್ಸನ್ನು ಜೋಲುಬೀಳುವಂತೆ ಮಾಡುತ್ತದೆ. ಆಪರೇಷನ್ ನಡುವೆ ಅದು ಅಲೆಯಾಡಿ ಪಾಪೆ ಕುಗ್ಗುತ್ತದೆ. 2005ರಲ್ಲಿ ಅಮೆರಿಕದ ಸರ್ಜನ್‌ಗಳು ಇದನ್ನು ವರದಿ ಮಾಡಿದ ಮೇಲೆ ನಾವೆಲ್ಲ ಗಂಡಸರಿಗೆ ತಪ್ಪದೆ ಕೇಳುತ್ತೇವೆ. ಬಿಳಿ ಪುಡಿಯಿಂದ ಮೊದಲೇ ಸಣ್ಣದಾದ ಪಾಪೆ, ಅದರ ಮೇಲೆ ಈ ಮಾತ್ರೆ, ಅದರ ಹಿಂದೆ ಸಡಿಲ ದಾರ: ಅಪ್ಪಾಜಿಯ ಮಾತ್ರೆ ಇದೇ ಆಗಿದ್ದರೆ ಮೂರೂ ಒಂದೇ ಕಣ್ಣಿನಲ್ಲಿ ಸೇರಿವೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿದರೂ ಐರಿಸ್ ಮೊದಲಿನಂತಾಗುತ್ತದೆಂದು ಹೇಳಲಾಗದು, ಮೂತ್ರ ಕಟ್ಟಿದರೆ ಇನ್ನೊಂದು ಅವಾಂತರ. ಮಾತ್ರೆಯ ಶೀಟನ್ನೇ ತೆಗೆದುಕೊಂಡು ಹೋಗಿ ಸರ್ಜನ್ನಿಗೆ ತೋರಿಸಿ, ಅವರು ಐರಿಸ್ ಬಿಗಿಯಾಗುವ ಔಷಧಿಯನ್ನೂ ಕೊಕ್ಕೆಯನ್ನೂ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಬಿಪಿ ಮಾತ್ರೆ ಆಪರೇಷನ್ ದಿನ ಬೆಳಿಗ್ಗೆ ನುಂಗಬೇಕೇ ಎಂದು ಕೇಳಿಕೊಳ್ಳಿ, ಸಾಮಾನ್ಯವಾಗಿ ನುಂಗಲು ಹೇಳುತ್ತೇವೆ. ರಕ್ತ ತೆಳುವಾಗುವ ಮಾತ್ರೆ ಏನಾದರೂ ಇದ್ದರೆ ಅದನ್ನೂ ಹೇಳಿ, ನೀವಾಗಿ ಬಿಡಿಸಬೇಡಿ. ಕೆಮ್ಮು ಇದ್ದರೆ ಮೊದಲು ಅದು ವಾಸಿಯಾಗಲಿ. ಇಂಥ ಆಪರೇಷನ್ ಮಾಮೂಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಕಣ್ಣು ಮರಗಟ್ಟಿಸಲು ಬರೀ ಡ್ರಾಪ್ಸ್ ಸಾಲದೆ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡುತ್ತಾರೆ.

ಆಪರೇಷನ್ ಚೆನ್ನಾಗಿ ಆಯಿತು ಎಂದುಕೊಳ್ಳೋಣ. ಮೊದಲ ಒಂದೆರಡು ದಿನ ಒತ್ತಡ ಏರುವುದುಂಟು. ಮರುದಿನದ ತಪಾಸಣೆಯನ್ನು, ಕಣ್ಣು ಎಷ್ಟೇ ಚೆನ್ನಾಗಿ ಕಂಡರೂ, ತಪ್ಪಿಸಬೇಡಿ. ಮುಂದಿನ ಕೆಲವು ತಿಂಗಳಲ್ಲಿ ಚೀಲದ ಬಾಯಿ ಸುಕ್ಕುಗಟ್ಟಿ ಕಿರಿದಾಗಬಹುದು. ಸಡಿಲ ದಾರದ ಕಣ್ಣಿನಲ್ಲಿ ಇದು ಹೆಚ್ಚು, ಏಕೆಂದರೆ ಎದುರು ಎಳೆದು ಹಿಡಿಯುವ ಶಕ್ತಿ ಇಲ್ಲ. ಬೇಗ ಕಂಡರೆ ಯಾಗ್ ಲೇಸರ್‌ನಿಂದ ಆ ಬಾಯಿಗೆ ಸಣ್ಣ ಕಚ್ಚು ಕೊಟ್ಟು ಸಡಿಲಿಸಬಹುದು. ಆಮೇಲೆ ಆರು ತಿಂಗಳಿಗೊಮ್ಮೆ ಎರಡೂ ಕಣ್ಣಿನ ಒತ್ತಡ, ವರ್ಷಕ್ಕೊಮ್ಮೆ ನರದ ಪರೀಕ್ಷೆ. ಪೊರೆ ಹೋಯಿತು ಎಂದರೆ ಪುಡಿ ಹೋಯಿತು ಎಂದಲ್ಲ, ಅದು ಜ್ವರ ಬಿಟ್ಟಂತೆ ಬಿಡುವ ಕಾಯಿಲೆಯಲ್ಲ. ಒಂದು ತಿಂಗಳು ಭಾರ ಎತ್ತುವುದು, ಮೂಟೆ ಹೊರುವುದು, ಗಂಟೆಗಟ್ಟಲೆ ಬಗ್ಗಿ ಕಳೆ ತೆಗೆಯುವುದು ಬೇಡ. ಕಣ್ಣಿಗೆ ಕಣದ ಧೂಳು ಬೀಳದಿರಲಿ. ಕಣ್ಣು ಉಜ್ಜುವ ಚಟ ಇದ್ದರೆ ಅದನ್ನು ಜೀವನಪೂರ್ತಿ ಬಿಡಿಸಿ.

ಕೊನೆಯದಾಗಿ ಎಡಗಣ್ಣು. ಚೀಲ ಸಮೇತ ಲೆನ್ಸ್ ಕೆಳಕ್ಕೆ ಜಾರುವ ತೊಂದರೆ ಈ ಪುಡಿ ಇರುವವರಲ್ಲಿ ಹೆಚ್ಚು, ಅದು ಕಾಣಿಸಿಕೊಳ್ಳುವುದು ಆಪರೇಷನ್ ಆದ ಮರುವರ್ಷವಲ್ಲ, ಸಾಮಾನ್ಯವಾಗಿ ಏಳೆಂಟು ವರ್ಷಗಳ ಮೇಲೆ. ಅಪ್ಪಾಜಿಯ ಎಡಗಣ್ಣಿಗೆ ಆರು ವರ್ಷ ತುಂಬಿದೆ. ಹೆದರಿಸಲು ಹೇಳುತ್ತಿಲ್ಲ, ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ನೋಟ ಮಂಜಾದರೆ, ಒಂದೇ ಕಣ್ಣಿನಲ್ಲಿ ಎರಡೆರಡು ಕಂಡರೆ, ಕಣ್ಣೊಳಗೆ ಒಂದು ಕಮಾನಿನ ಗೆರೆ ಅಡ್ಡ ಬಂದಂತಾದರೆ ವಾರ ಕಾಯದೆ ಬನ್ನಿ. ಜಾರಿದ ಲೆನ್ಸನ್ನು ಮತ್ತೆ ಕಟ್ಟಬಹುದು ಇಲ್ಲವೇ ಬದಲಿಸಬಹುದು, ಪೂರ್ತಿ ಬೀಳುವ ಮೊದಲು ಬಂದರೆ ಕೆಲಸ ಸುಲಭ. ಬಲಗಣ್ಣಿಗೆ ತಾರೀಕು ಕೇಳಲು ಹೋಗುವ ದಿನವೇ ಎಡಗಣ್ಣಿಗೂ ಡ್ರಾಪ್ಸ್ ಹಾಕಿಸಿ ಲೆನ್ಸ್ ನೆಟ್ಟಗಿದೆಯೇ ಎಂದು ನೋಡಿಸಿ. ಅದರ ಹಳೆಯ ಡಿಸ್ಚಾರ್ಜ್ ಕಾರ್ಡು ಟ್ರಂಕಿನಲ್ಲೆಲ್ಲಾದರೂ ಇದ್ದರೆ ಹುಡುಕಿ ತನ್ನಿ. ಹಾಕಿದ ಲೆನ್ಸಿನ ಪವರ್ ಅದರಲ್ಲಿ ಬರೆದಿರುತ್ತದೆ, ಬಲಗಣ್ಣಿನ ಪವರ್ ಲೆಕ್ಕ ಹಾಕುವಾಗ ತಾಳೆ ನೋಡಲು ಅದು ಬೇಕು.